ಅಪ್ಪನ ಗಿಡ್ಡ ನಿಲುವಂಗಿ

ಇಳಕಲ್ಲಿನ ಚರ್ಚಿನಲ್ಲಿ ಆ ಭಾನುವಾರ, ಅಲ್ಲಿನ ಪಾದ್ರಿಯಾಗಿದ್ದ ನನ್ನಪ್ಪ ಪ್ರಾರ್ಥನೆಗೆ ನಿಂತಾಗ, ಕಿಟಕಿಯ ಎಳೆಬಿಸಿಲಲ್ಲಿ ತೇಲುತ್ತಿದ್ದ ಅವರ ಬಿಳಿ ನಿಲುವಂಗಿ ಮೊಣಕಾಲಿಗೇ ಮುಗಿದುಬಿಟ್ಟಿತ್ತು. ಹಿಂದಿನ ದಿನ ನನ್ನ ಏಳನೇ ಹುಟ್ಟುಹಬ್ಬಕ್ಕೆ ಅವ್ವ ತೊಡಿಸಿದ್ದ ಬಿಳಿ ಫ್ರಾಕನ್ನು ಮುಟ್ಟಿ ನೋಡಿಕೊಂಡೆ. ಅದೇ ಬಟ್ಟೆ! ಅಪ್ಪನ ಅಂಗಿಯನ್ನೇ ಕತ್ತರಿಸಿ ಹೊಲಿದಿದ್ದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೊರಗೆ ಬಂದಾಗ, ಜೀವನವಿಡೀ ಸೀರೆ ನೇಯ್ದಿದ್ದ ಅಜ್ಜರೊಬ್ಬರು ಕೇಳಿಯೇಬಿಟ್ಟರು: "ಅಯ್ಯಾರ, ನಿಮ್ಮ ಅಂಗಿ ಯಾಕ ಇಷ್ಟು ಗಿಡ್ಡ ಆತ್ರಿ?"

ಅಪ್ಪ ನನ್ನನ್ನೆತ್ತಿಕೊಂಡು ನಕ್ಕರು. "ಮಗಳು ಬೆಳದಾಳ್ರಿ."

ಐವತ್ತರ ದಶಕದ ಮಾತಿದು. ಆ ಫ್ರಾಕು ಮರುವರ್ಷವೇ ನನಗೆ ಗಿಡ್ಡವಾಯಿತು. ಅಪ್ಪ ಈಗಲೂ ಕನಸಿಗೆ ಬರುತ್ತಾರೆ, ಅದೇ ಮೊಣಕಾಲುದ್ದದ ಅಂಗಿಯಲ್ಲಿ. ಎಚ್ಚರವಾದಾಗ ಒಂದು ಕ್ಷಣ ನನಗೆ ಏಳೇ ವರ್ಷ.