ಮಾಳಾಪುರದ ಚುಕ್ಕಿ

ಇವತ್ತು ಸಂಜೆ ಕೌಲ್ ಬಜಾರಿನಿಂದ ಬಜಿ ಕಟ್ಟಿಸಿಕೊಂಡು ಬಂದೆ. ಪೊಟ್ಟಣದ ಕಾಗದ ನಮ್ಮದೇ ಪತ್ರಿಕೆಯ ಹಳೆಯ ಸಂಚಿಕೆ. ನಾನು ಬಹಳ ಶ್ರಮಪಟ್ಟು ತಿದ್ದಿದ್ದ ವರದಿಯೊಂದರ ಮೇಲೆ ಮೆಣಸಿನಕಾಯಿ ಆರಾಮಾಗಿ ಮಲಗಿತ್ತು. ಎಣ್ಣೆ ಹೀರಿದ ಕಡೆಯೆಲ್ಲ ಕಾಗದ ಗಾಜಿನಂತಾಗಿ ಹಿಂದಿನ ಪುಟದ ಅಕ್ಷರಗಳು ಕಾಣುತ್ತಿದ್ದವು. ಇಂಥ ಕಾಗದ ಕಂಡರೆ ನಿಮಗೆ ಹಸಿವಾಗಬಹುದು. ನನಗೆ ಭೂಗೋಳ ನೆನಪಾಗುತ್ತದೆ.

ಮೆಟ್ರಿಕ್ಯುಲೇಶನ್ ಮುಗಿಸಿ ಬಳ್ಳಾರಿಯಲ್ಲಿ ಕಾಲೇಜಿನ ಎಫ್.ಎ. ತರಗತಿ ಸೇರಿದ್ದೆ. ನಮ್ಮ ಭೂಗೋಳದ ಪುಸ್ತಕಕ್ಕೆ ಎರಡು ಭಾಗ. ಮೊದಲ ಭಾಗದಲ್ಲಿ ಗಾಳಿ, ನೀರು, ಬೆಟ್ಟ, ಎರಡನೆಯದರಲ್ಲಿ ಮನುಷ್ಯ. ಮನುಷ್ಯನ ತನಕ ಬರುವಷ್ಟರಲ್ಲಿ ವರ್ಷ ಮುಗಿದಿರುತ್ತಿತ್ತು. ನೈಲ್ ನದಿ ಯಾವ ತಿಂಗಳಲ್ಲಿ ಉಕ್ಕುತ್ತದೆ ಎಂದು ಥಟ್ಟನೆ ಹೇಳುತ್ತಿದ್ದೆ. ನಮ್ಮ ಹಗರಿ ಹೊಳೆ ಎಲ್ಲಿ ತುಂಗಭದ್ರೆಯನ್ನು ಸೇರುತ್ತದೆ ಎಂದು ಯಾರಾದರೂ ಕೇಳಿದ್ದರೆ ಸಿರುಗುಪ್ಪದ ದಿಕ್ಕಿಗೆ ಕೈ ಬೀಸಿ ಮಾತು ಬದಲಿಸುತ್ತಿದ್ದೆ. ಕುರುಗೋಡಿನಲ್ಲಿ ಗುಡ್ಡದ ಬುಡದಲ್ಲೇ ಹುಟ್ಟಿ ಬೆಳೆದವನು. ಆ ಬಂಡೆಗಳೂ ಭೂಗೋಳಕ್ಕೆ ಸೇರಿದವು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಪಾಠ ಹೇಳುತ್ತಿದ್ದವರು ಒಬ್ಬ ವೈಷ್ಣವ ಮೇಷ್ಟ್ರು. ಎಲ್ಲರೂ ಅವರನ್ನು ಆಚಾರ್ಯರು ಎನ್ನುತ್ತಿದ್ದೆವು. ಹಣೆಗೆ ಅಂಗಾರ ಅಕ್ಷತೆ, ಮೈಗೆ ಗುಂಡಿ ಹಾಕಿದ ಕೋಟು. ಸಮುದ್ರ ದಾಟುವುದು ನಿಷಿದ್ಧ ಎಂದು ದೃಢವಾಗಿ ನಂಬಿದ್ದವರು. ಆದರೆ ಅಟ್ಲಾಂಟಿಕಿನ ಪ್ರವಾಹಗಳನ್ನು ಬೆರಳಿನಿಂದ ಗಾಳಿಯಲ್ಲಿ ಬರೆಯುವಾಗ ಅವರ ಮುಖವನ್ನು ನೀವು ನೋಡಬೇಕಿತ್ತು. ಆ ಹೊತ್ತಿಗೆ ಅವರು ಅರ್ಧ ದಾರಿ ದಾಟಿಯೇ ಬಿಟ್ಟಿರುತ್ತಿದ್ದರು.

ಆ ವರ್ಷ ಅವರು ನಮಗೊಂದು ಕೆಲಸ ಕೊಟ್ಟರು. ಬಳ್ಳಾರಿಯಿಂದ ಸಿರುಗುಪ್ಪದವರೆಗಿನ ಸೀಮೆಯ ನಕ್ಷೆ ಬರೆಯಬೇಕು. ಹೊಳೆ, ಗುಡ್ಡ, ಊರು ಎಲ್ಲ ಇರಬೇಕು. ಜನ ಅಲ್ಲಲ್ಲೇ ಏಕೆ ನೆಲೆಸಿದ್ದಾರೆ ಎಂದು ಕೆಳಗೆ ಬರೆಯಬೇಕು. “ಹೋಗಿ ನೋಡಿ ಬಂದು ಬರೀರಿ. ನಕಾಶಿ ಸರಿ ಇರಲಿಲ್ಲಂದ್ರ ಪರೀಕ್ಷಾ ಅರ್ಜಿಗೆ ನನ್ನ ರುಜು ಇಲ್ಲ” ಎಂದರು.

ನನ್ನ ಸೋದರಮಾವ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲಿ ಅಚ್ಚಾದ ನಕ್ಷೆ ಇತ್ತು. ತೆಳು ಕಾಗದಕ್ಕೆ ಎಣ್ಣೆ ಸವರಿ ಅದರ ಮೇಲಿಟ್ಟರೆ ಗೆರೆಗಳೆಲ್ಲ ಮೇಲೆದ್ದು ಬರುತ್ತವೆ. ಒಂದೇ ಮಧ್ಯಾಹ್ನದಲ್ಲಿ, ನೆರಳಿನಲ್ಲಿ ಕುಳಿತು, ಇಡೀ ಸೀಮೆಯನ್ನು ಸುತ್ತಿ ಮುಗಿಸಿದೆ. ಅಂದಕ್ಕಾಗಿ ಸಣ್ಣಪುಟ್ಟ ಹಳ್ಳಿಗಳನ್ನೂ ಬಿಡದೆ ಚುಕ್ಕಿ ಇಟ್ಟೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಈರಣ್ಣ ಹಗರಿಯ ಮೂಡಣ ದಂಡೆಯ ಮಾಳಾಪುರದವನು. ಈ ಸಲ ಪರೀಕ್ಷೆಗೆ ಕೂರದಿದ್ದರೆ ಓದು ಬಿಟ್ಟು ಹೊಲಕ್ಕೆ ಬಾ ಎಂದು ಅವನ ಅಪ್ಪ ಹೇಳಿಬಿಟ್ಟಿದ್ದ. ಈರಣ್ಣ ರಜೆಯಲ್ಲೆಲ್ಲ ನಡೆದಾಡಿ ನಕ್ಷೆ ಬರೆದಿದ್ದ. ನೋಡಲು ಚೆನ್ನಾಗಿರಲಿಲ್ಲ. ಆಚಾರ್ಯರು ಅದನ್ನು ತರಗತಿಗೆಲ್ಲ ಕಾಣುವಂತೆ ಎತ್ತಿ ಹಿಡಿದರು.

“ಹೊಳಿ ದಂಡಿ ಮ್ಯಾಲ ಬರೇ ಉಸುಕು ಬರದೀಯಲ್ಲೋ. ನಿಮ್ಮೂರು ಎಲ್ಲದ?”

“ಅಲ್ಲಿಲ್ರೀ ಸಾರ್. ಸರದೈತ್ರಿ.”

“ಊರಿಗೆ ಕಾಲು ಬಂದ್ವೇನು?”

ತರಗತಿ ಘೊಳ್ಳೆಂದಿತು. ಈರಣ್ಣ ನಗಲಿಲ್ಲ. “ಉಸುಕು ಬಂತ್ರಿ, ಊರು ಎದ್ದು ಮೂಡಲಕ್ಕ ಹೋತ್ರಿ. ಹೊಸಾ ಊರು ಆ ಬದೀಗೆ ಹಾಕೀನಿ, ನೋಡ್ರಿ.”

ಆಚಾರ್ಯರು ನನ್ನ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟರು. “ಇವನ ನಕಾಶಿಯೊಳಗ ಮಾಳಾಪುರ ದಂಡಿ ಮ್ಯಾಲೇ ಅದ. ಏನೋ, ನೀ ಕಣ್ಣಾರೆ ನೋಡಿಯೇನು?”

“ನೋಡೀನ್ರಿ” ಎಂದೆ.

ಅಷ್ಟೇ. ಆಚಾರ್ಯರು ಈರಣ್ಣನ ಹಾಳೆಯನ್ನು ಮಡಚಿ ಅವನ ಕೈಗೆ ಕೊಟ್ಟರು. ರುಜು ಇಲ್ಲ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಹೊರಗೆ ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. “ಲೇ, ಯಾವಾಗ ಬಂದಿದ್ಯೋ ನಮ್ಮೂರಿಗೆ? ಬಂದಾಂವ ಮನಿಗೆ ಬರಬಾರದೇನ್ಲೇ? ನಮ್ಮಜ್ಜಿ ರೊಟ್ಟಿ ಕೊಡ್ತಿದ್ಲು.” ನಾನು ಪುಸ್ತಕಗಳನ್ನು ಕಂಕುಳಿಗೆ ಸೇರಿಸಿಕೊಂಡೆ. “ನಾಳಿ ಐತವಾರ. ನಡಿ, ಮತ್ತೊಮ್ಮಿ ನೋಡಾಕ ಹೋಗೂನು” ಎಂದ.

ಆಷಾಢದ ಗಾಳಿ. ಸಿರುಗುಪ್ಪದ ರಸ್ತೆ ಬಿಟ್ಟು ಮೂಡಣಕ್ಕೆ ತಿರುಗಿದ ಬಂಡಿ ಹಗರಿಯ ಮರಳಿನಲ್ಲಿ ಗಾಲಿ ಹೂತುಹೋಗುತ್ತ ಹೊಳೆ ದಾಟಿತು. ನೀರು ಒಂದು ಕಡೆ ಎಳೆಯಾಗಿ ಹರಿಯುತ್ತಿತ್ತು, ಅಷ್ಟೇ. ಆಚೆ ದಂಡೆ ಹತ್ತಿದರೆ ನನ್ನ ಮಾಳಾಪುರ ಇರಬೇಕಾದ ಕಡೆ ಒಂದು ಉದ್ದನೆಯ ಮರಳದಿಬ್ಬ. ಗಾಳಿ ಬರುವ ಪಡುವಣದ ಬದಿ ಇಳಿಜಾರು, ಗಟ್ಟಿ. ಮೂಡಣದ ಬದಿ ಕಡಿದು. ಅಲ್ಲಿ ಮರಳು ಸದ್ದಿಲ್ಲದೆ ಜಾರುತ್ತಲೇ ಇತ್ತು. ಪುಸ್ತಕದ ಸಹಾರಾ ಅಧ್ಯಾಯದಲ್ಲಿ ಇದರ ಚಿತ್ರವಿದೆ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಬಂದ ಕೆಲಸ ಮರೆತು, ಕಣಗಳು ಮೇಲೇರುವುದನ್ನೂ ಅಂಚಿನಿಂದ ಉರುಳುವುದನ್ನೂ ನೋಡುತ್ತ ನಿಂತುಬಿಟ್ಟೆ.

ಕೊಡ ಹಿಡಿದು ಬಂದ ಈರಣ್ಣನ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಎವರಪ್ಪಾ ಈ ಹುಡುಗ?” ಎಂದಳು, ತೆಲುಗು ಬೆರೆಸಿ.

“ನನ್ ಜೋಡಿ ಓದ್ತಾನಜ್ಜಿ. ಕುರುಗೋಡಿನಾಂವ” ಎಂದ ಈರಣ್ಣ.

“ಚಪ್ಪಲಿ ಬಿಡು ನಾಯನಾ. ನೀ ನಿಂತಿಯಲ್ಲ, ಅದು ನಮ್ ದೇವರ ಜಗಲಿ.”

ಕೆಳಗೆ ನೋಡಿದೆ. ಮರಳು. ಚಪ್ಪಲಿ ಬಿಟ್ಟೆ. ಅಜ್ಜಿ ದೂರದಲ್ಲಿ ಮರಳಿನಿಂದ ತಲೆ ಎತ್ತಿದ್ದ ಹುಣಸೆಯ ಕೊಂಬೆಯೊಂದನ್ನು ತೋರಿಸಿ, ಅಲ್ಲಿಂದ ಇಷ್ಟು ಹೆಜ್ಜೆಗೆ ಪಡಸಾಲೆ, ಇಷ್ಟಕ್ಕೆ ಒಲೆ ಎಂದು ನಡೆದು ತೋರಿಸಿದಳು. ಎಲ್ಲೂ ತಡವರಿಸಲಿಲ್ಲ.

ಇಷ್ಟಾದರೂ ಅವಳು ಇಲ್ಲಿಗೆ ಬರುವುದೇಕೆ? ನೀರಿಗೆ. ಹೊಸ ಊರಿನ ಬಾವಿ ಉಪ್ಪು. ಸಿಹಿನೀರು ಹಳೆಯ ಬಾವಿಯಲ್ಲೇ. ಮರಳು ಏರಿದಂತೆಲ್ಲ ಪ್ರತಿ ವರ್ಷ ಗಾಳಿಗೆ ಮುನ್ನ ಊರವರು ಬಂದು ಅದರ ಕಟ್ಟೆಗೆ ಒಂದು ವರಸೆ ಕಲ್ಲು ಏರಿಸುತ್ತಾರಂತೆ. “ಬಾಗಲಾ ಹೊತ್ವಿ, ಒಳಕಲ್ಲು ಹೊತ್ವಿ, ದೇವರನ್ನೂ ಹೊತ್ವಿ. ಬಾವೀನ ಹೆಂಗ ಹೊರಾದಪ್ಪಾ?” ಎಂದು ನಕ್ಕಳು. ನಾನು ಬಗ್ಗಿ ನೋಡಿದೆ. ಮೇಲಿನ ಕಲ್ಲುಗಳು ಹೊಸವು, ಕೆಳಗಿಳಿದಂತೆ ಹಳೆಯವು. ತಳದಲ್ಲಿ ಒಂದಿಷ್ಟು ಆಕಾಶ. ನಮ್ಮ ಪುಸ್ತಕದ ಎರಡನೆಯ ಭಾಗವನ್ನು ನಾನು ಮೊದಲ ಸಲ ಓದಿದ್ದು ಅಲ್ಲಿ.

ಸೋಮವಾರ ಆಚಾರ್ಯರ ಮುಂದೆ ನಿಂತೆ. ನಾನು ಮಾಳಾಪುರಕ್ಕೆ ಹೋಗಿರಲಿಲ್ಲ, ಕಚೇರಿ ನಕ್ಷೆಯ ಮೇಲೆ ಕಾಗದವಿಟ್ಟು ಎಳೆದೆ, ಈರಣ್ಣ ಬರೆದದ್ದೇ ಸರಿ ಎಂದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಕನ್ನಡಕ ತೆಗೆದು ಕೇಳಿದರು:

“ದಿಬ್ಬ ಯಾವ ಬದೀಗೆ ಕಡದದ?”

“ಮೂಡಲ ಬದೀಗ್ರಿ.”

“ಗಾಳಿ?”

“ಪಡುವಲದಿಂದ್ರಿ.”

“ಹೌದೇನು!” ಎಂದರು. ಅಷ್ಟು ಸಂತೋಷದ ದನಿಯನ್ನು ಅಟ್ಲಾಂಟಿಕಿನ ಪಾಠದಲ್ಲೂ ಕೇಳಿರಲಿಲ್ಲ. ಈರಣ್ಣನನ್ನು ಕರೆದು ಸೀಮೆಸುಣ್ಣ ಕೊಟ್ಟರು. ಆ ಗಂಟೆಯೆಲ್ಲ ಅವನು ಹಲಗೆಯ ಮೇಲೆ ಹಗರಿ, ದಿಬ್ಬ, ಬಾವಿ ಬರೆದ. ಆಚಾರ್ಯರು ಹಿಂದಿನ ಬೆಂಚಿನಲ್ಲಿ ಕುಳಿತು ಪ್ರಶ್ನೆ ಕೇಳಿದರು. ಅಲ್ಲಿಯೇ ಅವನ ಅರ್ಜಿಗೆ ರುಜು ಬಿತ್ತು.

ನನ್ನದಕ್ಕೆ ಬೀಳಲಿಲ್ಲ. “ನಿನ್ನ ನಕಾಶಿಯೊಳಗ ಇನ್ನೂ ಭಾಳ ಊರು ಅವ. ಒಂದು ನೋಡಿದಿ. ಉಳದ ಊರು ಅವ ಏನೋ ಇಲ್ಲೋ, ಯಾರಿಗೆ ಗೊತ್ತು? ಎಲ್ಲಾ ನೋಡಿ ಬಾ.”

ಅಂದಕ್ಕೆಂದು ಇಟ್ಟ ಒಂದೊಂದು ಚುಕ್ಕಿಗೂ ನಡೆದೆ. ಬಾದನಹಟ್ಟಿಯಲ್ಲಿ ಕಟ್ಟೆಯ ಮೇಲಿದ್ದ ರೈತನೊಬ್ಬ, “ಏನಪ್ಪಾ, ಊರು ಐತೋ ಇಲ್ಲೋ ನೋಡಾಕ ಬಂದಿಯೇನ್? ಐತಿ, ಬರಕೋ” ಎಂದ. ಊರು ದಿನ್ನೆಯ ಮೇಲೇಕೆ ಎಂದು ಕೇಳಿದೆ. “ಎರಿ ನೆಲದಾಗ ಗ್ವಾಡಿ ನಿಂದರತೈತೇನ್? ಬಿರಿಬಿಡ್ತೈತಿ. ಓದಿದ ಹುಡುಗ, ಇಷ್ಟೂ ಗೊತ್ತಿಲ್ಲೇನ್?” ಅದನ್ನೂ ಬರೆದುಕೊಂಡೆ. ಸಿರುಗುಪ್ಪದ ಆಚೆ ಹಗರಿ ತುಂಗಭದ್ರೆಯನ್ನು ಸೇರುವಲ್ಲಿ ಕಾಲು ಇಳಿಬಿಟ್ಟು ಕುಳಿತ ದಿನ, ಅರ್ಜಿ ಕಳಿಸುವ ಗಡುವು ಮುಗಿದಿತ್ತು. ಈರಣ್ಣ ಆ ವರ್ಷವೇ ತೇರ್ಗಡೆಯಾದ. ನಾನು ಮರುವರ್ಷ ಕುಳಿತೆ.

ಇಷ್ಟು ಬರೆದ ಮೇಲೆ, ಮಾಳಾಪುರ ಈಗ ಹೊಳೆಯಿಂದ ಕೂಗಳತೆಯ ದೂರದಲ್ಲಿ ಸುಖವಾಗಿದೆ ಎಂದು ಒಂದು ವಾಕ್ಯ ಸೇರಿಸಿದ್ದೆ. ಮುಗಿಸಲು ಹದವಾದ ವಾಕ್ಯ. ಆದರೆ ನಾನು ಅಲ್ಲಿಗೆ ಹೋಗಿ ಹಲವು ಆಷಾಢಗಳಾದವು. ಮರಳು ಅಷ್ಟು ದಿನ ಸುಮ್ಮನೆ ಕೂತಿರಲಾರದು. ಆ ವಾಕ್ಯವನ್ನು ಹೊಡೆದುಹಾಕಿ ಬಂಡಿಯವನಿಗೆ ಹೇಳಿಕಳಿಸಿದ್ದೇನೆ. ಐತವಾರ ಬೆಳಗ್ಗೆ ಬರುತ್ತಾನೆ. ಹೊಳೆಯವರೆಗೆ ಬಂಡಿ; ಅಲ್ಲಿಂದ ಮುಂದೆ ಕೇಳುತ್ತ ನಡೆಯಬೇಕು.