ಒಂದೇ ಪುಸ್ತಕದ ವರ್ಷ

ರಾಯಚೂರಿನ ನಮ್ಮ ಓದುಗರ ಬಳಗದಲ್ಲಿ ಡಿಸೆಂಬರ್ ತಿಂಗಳ ಕೊನೆಯ ಭಾನುವಾರಕ್ಕೆ ಒಂದು ಪದ್ಧತಿಯಿದೆ. ಬರುವ ವರ್ಷ ಎಷ್ಟು ಪುಸ್ತಕ ಓದುತ್ತೇವೆಂಬುದನ್ನು ಪ್ರತಿಯೊಬ್ಬರೂ ಕರಿಹಲಗೆಯ ಮೇಲೆ ತಮ್ಮ ಹೆಸರಿನ ಮುಂದೆ ಬರೆಯಬೇಕು. ಮೂವತ್ತು, ನಲವತ್ತು, ಐವತ್ತೆರಡು. ಸಂಖ್ಯೆ ಬೆಳೆದಷ್ಟೂ ಚಪ್ಪಾಳೆ ಬೆಳೆಯುತ್ತದೆ. ಬರೆದವರಲ್ಲಿ ಎಷ್ಟು ಜನ ಅಲ್ಲಿಗೆ ತಲುಪಿದರೆಂದು ಯಾರೂ ಪರೀಕ್ಷಿಸಿಲ್ಲ. ಪರೀಕ್ಷೆಗೆ ಒಡ್ಡದ ಸಂಖ್ಯೆಯನ್ನು ಗುರಿ ಎನ್ನುವುದಕ್ಕಿಂತ ಹಾರೈಕೆ ಎನ್ನುವುದೇ ಸರಿ.

ಎರಡು ವರ್ಷಗಳ ಹಿಂದೆ ಆ ಹಲಗೆಯ ಮೇಲೆ ಸೂಗಮ್ಮ ‘ಒಂದು’ ಎಂದು ಬರೆದರು.

ಸೂಗಮ್ಮ ಮಾನ್ವಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ತಿಂಗಳಿಗೊಮ್ಮೆ ಬಸ್ಸು ಹಿಡಿದು ಬಳಗಕ್ಕೆ ಬರುವವರು. ತವರು ದೇವದುರ್ಗದ ಕಡೆಯ ಗಬ್ಬೂರು. ಕಾಲೇಜು ಓದುವಾಗಲೂ ರಜೆಯಲ್ಲಿ ಅವ್ವನ ಜೊತೆ ಕೂಲಿಗೆ ಹೋಗಿ ಹತ್ತಿ ಬಿಡಿಸಿದವರು. ಅವರು ಆರಿಸಿಕೊಂಡದ್ದು ನಮ್ಮ ಕಪಾಟಿನಲ್ಲಿದ್ದ, ಅನುವಂಶೀಯತೆಯ ಕುರಿತ ದಪ್ಪನೆಯ ಪುಸ್ತಕ. ಯಾವ ಪುಸ್ತಕವೂ ಹದಿನೈದು ದಿನಕ್ಕಿಂತ ಹೆಚ್ಚು ಒಬ್ಬರ ಬಳಿ ಇರಕೂಡದೆಂಬ ನಿಯಮವನ್ನು ಅಧ್ಯಕ್ಷರಾದ ನಿವೃತ್ತ ಉಪನ್ಯಾಸಕ ಪ್ರಭುರಾಜ ನೆನಪಿಸಿದರು. ಒಂದರ ಪಕ್ಕ ಒಂದು ಸೊನ್ನೆಯನ್ನಾದರೂ ಹಾಕಿ ಎಂದು ನಕ್ಕರು. ಉಳಿದವರೂ ನಕ್ಕರು.

ಸೂಗಮ್ಮ ನಗಲಿಲ್ಲ. “ಸರ, ಹತ್ತಿ ಒಂದ ಸಲಕ್ಕ ಬಿಡಿಸಿ ಮುಗೀತದೇನ್ರಿ? ಒಡೆದದ್ದು ಇವತ್ತ ಬಿಡಿಸಬೇಕು, ಉಳಿದ ಕಾಯಿ ಒಡದ ಮ್ಯಾಲ ಮತ್ತ ಹೋಗಬೇಕು. ಈ ಪುಸ್ತಕಾನೂ ಹಂಗ ಅದ. ನಾ ವರ್ಷತನಕ ವಾಪಸ್ ಕೊಡಂಗಿಲ್ರಿ.”

ಆ ಹಟಕ್ಕೆ ಕಾರಣ ಗಬ್ಬೂರಿನಲ್ಲಿತ್ತು. ಸೂಗಮ್ಮನ ತಾಯಿ ಮುದುಕಮ್ಮ ತಮ್ಮ ಕಿರಿಯ ಮಗ ಆನಂದನಿಗೆ ಸೂಗಮ್ಮನ ಮಗಳು ಕಲ್ಯಾಣಿಯನ್ನೇ ತರುವುದೆಂದು ನಿಶ್ಚಯಿಸಿದ್ದರು. ಡಿಗ್ರಿ ಮುಗಿದ ಕೂಡಲೇ ಮದುವೆ. ಸೋದರಮಾವನಿಗೆ ಕೊಡುವುದು ಆ ಮನೆಯಲ್ಲಿ ಪ್ರಶ್ನೆಯೇ ಅಲ್ಲ. ಕಲ್ಯಾಣಿ ಒಲ್ಲೆ ಎಂದಿದ್ದಳು. ಅದನ್ನು ನಾಚಿಕೆ ಎಂದು ತಿಳಿಯಲಾಯಿತು. ಸೂಗಮ್ಮನ ಅಕ್ಕ ಹಾಗೆಯೇ ಸೋದರಮಾವನನ್ನು ಮದುವೆಯಾದವಳು. ಅವಳ ಎರಡು ಕೂಸುಗಳೂ ಹುಟ್ಟಿದ ವರ್ಷವೇ ತೀರಿಕೊಂಡಿದ್ದವು. ದೇವರ ಮುನಿಸು ಎಂದರು, ಮಾತು ಮುಗಿಯಿತು.

ಸೂಗಮ್ಮನಿಗೆ ಆ ಮಾತನ್ನು ಮತ್ತೆ ತೆರೆಯಬೇಕಿತ್ತು, ಅದೂ ತಮಗೆ ತಿಳಿದಷ್ಟನ್ನೇ ಹೇಳಿ. ಮೊದಲ ಓದಿನಲ್ಲಿ ಅರ್ಧವೂ ದಕ್ಕಲಿಲ್ಲ. ಎರಡನೆಯದರಲ್ಲಿ, ಸೋದರಮಾವ ಮತ್ತು ಸೋದರಸೊಸೆಯ ವಂಶವಾಹಿಗಳಲ್ಲಿ ಸರಾಸರಿ ಕಾಲುಭಾಗ ಒಂದೇ ಮೂಲದವು ಎಂಬಲ್ಲಿ ನಿಂತರು. ಅಕ್ಕನ ಕೂಸುಗಳ ಸಾವಿಗೆ ಅದೇ ಕಾರಣವೆಂದು ಸಾಬೀತಾಗುವುದಿಲ್ಲ ಎಂಬುದು ಮೂರನೆಯ ಓದಿನಲ್ಲಿ ತಿಳಿಯಿತು. ಆ ಮೂರನೆಯ ಓದಿಲ್ಲದೆ ಅವರು ತವರಿಗೆ ಹೋಗಿದ್ದರೆ ಒಂದು ಮೂಢನಂಬಿಕೆಯ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ಬರುತ್ತಿದ್ದರು.

ದೀಪಾವಳಿಗೆ ಗಬ್ಬೂರಿನಲ್ಲಿ ಎಲ್ಲರೂ ಕುಳಿತಾಗ ಮುದುಕಮ್ಮ ಮುಹೂರ್ತದ ಮಾತೆತ್ತಿದರು. ಸೂಗಮ್ಮ ಪುಸ್ತಕವನ್ನು ಚೀಲದಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು, ತೆರೆಯಲಿಲ್ಲ.

“ನಾ ಕೊಡಂಗಿಲ್ಲ ಯವ್ವಾ. ಮೊದಲಿಗೆ, ಹುಡುಗಿ ಒಲ್ಲೆ ಅಂದಾಳ. ಮತ್ತ ರಕ್ತಸಂಬಂಧದಾಗ ಕೂಸಿಗೆ ಜಡ್ಡು ಬರೂದು ಹೆಚ್ಚು. ಬಂದ ಬರ್ತದಂತ ನಾ ಹೇಳಂಗಿಲ್ಲ. ಹೆಚ್ಚು ಅಂತೀನಿ.”

“ಗ್ಯಾರಂಟಿ ಇಲ್ಲಂದ್ರ ಮತ್ಯಾಕ ಇಷ್ಟು ಹಟ?” ಎಂದರು ಮುದುಕಮ್ಮ.

“ಅಕ್ಕನ ಕೂಸಿಗೆ ದೇವರ ಮುನಿಸು ಅಂದಾಗ ಗ್ಯಾರಂಟಿ ಯಾರು ಕೇಳಿದ್ರು ಬೇ?”

ಮುದುಕಮ್ಮ ಎದ್ದು ಒಳಗೆ ಹೋದರು. ಆನಂದ ಕೈ ಚಾಚಿ, “ಅಕ್ಕಾ, ಆ ಪುಸ್ತಕ ನನಗ ಕೊಡು. ನಾ ಓದಿ ಮುಗಸೂತನಕ ನನ್ನ ಹೆಸರಲೆ ಯಾರೂ ಮುಹೂರ್ತ ನೋಡಬ್ಯಾಡ್ರಿ” ಎಂದ.

ಮದುವೆ ನಿಂತಿತು. ಮುದುಕಮ್ಮ ಮಗಳೊಡನೆ ಮಾತು ಬಿಟ್ಟರು, ಇಂದಿಗೂ ಹಿಡಿದಿಲ್ಲ. ಅದರ ನೋವನ್ನು ಸೂಗಮ್ಮ ಮುಚ್ಚಿಡುವುದಿಲ್ಲ. ಆದರೆ ನಿರ್ಧಾರವನ್ನು ಬದಲಿಸುವ ಯೋಚನೆಯೂ ಅವರಿಗಿಲ್ಲ.

ಆ ಡಿಸೆಂಬರಿನಲ್ಲಿ ಅವರು ಹಲಗೆಯ ಮೇಲೆ ಮತ್ತೆ ‘ಒಂದು’ ಎಂದೇ ಬರೆದರು. ವರ್ಷ ಮುಗಿಯಿತಲ್ಲ, ಪುಸ್ತಕವೆಲ್ಲಿ ಎಂದು ಪ್ರಭುರಾಜ ಕೇಳಿದರು.

“ಗಬ್ಬೂರಾಗ ಅದರೀ, ನಮ್ಮ ತಮ್ಮ ಓದಾಕತ್ಯಾನ. ಅವಂದು ಇನ್ನಾ ಮೊದಲನೇ ಸಲ” ಎಂದು ಸೂಗಮ್ಮ ಕೈಯ ಸೀಮೆಸುಣ್ಣದ ಪುಡಿಯನ್ನು ಕೊಡವಿದರು.