ಹಾಸಿನ ಕೊನೆಯ ಮೊಳ

ಕೊರೊನಾ ಮುಗಿದ ಮರುವರ್ಷ ನಾನು ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬರ ಬಳಿ ಡಿಸೈನರ್ ಆಗಿದ್ದೆ. ಅಂಚು, ಸೆರಗಿನ ಚಿತ್ರಗಳನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಿ ನೇಕಾರರಿಗೆ ಕೊಡುವುದು ನನ್ನ ಕೆಲಸ. ಹಾಳೆಯ ಚೌಕಗಳನ್ನು ಎಣಿಸಿಯೇ ಅವರು ಮಗ್ಗದಲ್ಲಿ ಎಳೆ ಎತ್ತುತ್ತಾರೆ. ಮಗಳು ಸುಮಾಳ ಮದುವೆ ಸೀರೆಯ ಸೆರಗನ್ನೂ ಹಾಗೆಯೇ ಬಿಡಿಸುತ್ತಿದ್ದೆ. ಅದು ಅರ್ಧಕ್ಕೆ ಬಂದಾಗ ಅವಳು ಜ್ವರದಲ್ಲಿ ತೀರಿಕೊಂಡಳು.

ಆಮೇಲೆ ನನ್ನ ಪೆನ್ಸಿಲ್ಲಿನಿಂದ ಹೊಸದೇನೂ ಹುಟ್ಟಲಿಲ್ಲ. ಹಳೆಯ ಡಿಸೈನುಗಳನ್ನೇ ಹಿಂದೆಮುಂದೆ ಮಾಡಿ ಕೊಟ್ಟು ದಿನ ದೂಡಿದೆ. ಮಾಲೀಕರು ಒಳ್ಳೆಯವರು, ಏನೂ ಅನ್ನಲಿಲ್ಲ. ನಾನೇ ಕೆಲಸ ಬಿಡಲು ತೀರ್ಮಾನಿಸಿದ್ದೆ.

ಅಷ್ಟರಲ್ಲಿ ಗದ್ವಾಲದ ನೇಕಾರ ತಿಪ್ಪಣ್ಣಜ್ಜನವರಿಂದ ಸೀರೆ ತರಬೇಕಾಯಿತು. ಮಕ್ತಲ್ ದಾಟಿ, ಜೂರಾಲ ಅಣೆಕಟ್ಟಿನ ನೀರು ನೋಡುತ್ತ ಬಸ್ಸಿನಲ್ಲಿ ಹೋದೆ. ಸೀರೆ ಮುಗಿಸಿ ಮಗ್ಗದಿಂದ ಕೊಯ್ದಿಟ್ಟಿದ್ದರೂ ಅಜ್ಜ ನೇಯುತ್ತಲೇ ಇದ್ದರು. ಹಾಸು, ಎಂದರೆ ಮಗ್ಗದ ಉದ್ದನೂಲು, ಮುಗಿಯುವಾಗ ಸೀರೆಗೆ ಸಾಲದ ಒಂದೆರಡು ಮೊಳ ಕೊನೆಯಲ್ಲಿ ಉಳಿಯುತ್ತದೆ. ಹೊಸ ಹಾಸು ಕೂಡಿಸುವ ಮುಂಚೆ ಅಜ್ಜ ಅದರಲ್ಲಿ ಮನಸ್ಸಿಗೆ ಬಂದದ್ದನ್ನು ನೇಯುತ್ತಿದ್ದರು. ಅಂದು ಒಂದು ಆಡು. ಅದರ ತಲೆಗೆ ರುಮಾಲು, ಗಡ್ಡ ನೆಲ ಮುಟ್ಟಿತ್ತು.

ಕಿಸಕ್ಕನೆ ನಕ್ಕುಬಿಟ್ಟೆ. ಸುಮಾ ಹೋದ ಮೇಲೆ ಅದೇ ಮೊದಲ ನಗು. ಮರುಗಳಿಗೆಯೇ ನಾಚಿಕೆಯಾಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

“ಅಳವ್ವಾ, ಬ್ಯಾಡ ಅನ್ನೋರ್ಯಾರು?” ಎಂದು ಅಜ್ಜ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. “ಅಳ್ಕೋತನ ಒಂದ್ ಹಕ್ಕಿ ಮಾಡು. ಕೆಟ್ರ ಕೆಡ್ಲಿ, ಇದೇನ್ ಮಾರಾಕ ಐತೇನು?”

“ನನಗ ನೇಯಾಕ ಬರೂದಿಲ್ರೀ ಅಜ್ಜಾರ.”

“ನನಗರ ಎಲ್ಲಿ ಬರ್ತೈತಿ? ಆಡು ನೋಡ್ಲಿಲ್ಲೇನು?”

ಬಣ್ಣದ ನೂಲಿನ ತುಂಡುಗಳನ್ನು ಎಳೆಗಳ ನಡುವೆ ಬೆರಳಿನಿಂದಲೇ ತೂರಿಸುತ್ತ ಕೂತೆ. ಹಕ್ಕಿಯ ಹೊಟ್ಟೆ ಊದಿತು, ಕಾಲು ಮೂರಾದವು.

“ನಮ್ಮ ಸುಮಾ ನೋಡಿದ್ರ ಇದನ್ನ ಕೋಳಿ ಅಂತಿದ್ಲು,” ಎಂದೆ. ಅವಳು ಹೋದ ಮೇಲೆ ಅವಳ ಹೆಸರನ್ನು ಯಾರ ಮುಂದೆಯೂ ಎತ್ತಿರಲಿಲ್ಲ.

“ಖರೇನ ಅಂತಿದ್ಲು. ಕೋಳಿನ ಅದು,” ಎಂದರು ಅಜ್ಜ.

ಕೆಲಸ ಬಿಡಲಿಲ್ಲ. ಮುಂದಿನ ಮದುವೆಯ ಆರ್ಡರಿಗೆ ಅಂಚಿನುದ್ದಕ್ಕೂ ಜಗಳಾಡುವ ಗಿಳಿಗಳನ್ನು ಬಿಡಿಸಿದೆ. ಸೀರೆ ನೋಡಲು ಬಂದ ಮದುಮಗಳು, “ಆಂಟಿ, ಇವು ನಮ್ಮ ಅತ್ತಿ-ಮಾವ ಇದ್ದಂಗ ಅದಾವ್ರೀ!” ಎಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅವಳು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಎದ್ದು ಒಳಗೆ ಹೋದೆ.

ದುಃಖ ತೀರಲಿ, ಆಮೇಲೆ ಆಟವಾಡಿದರಾಯಿತು ಎಂದು ಕಾದರೆ ಕೈ ಬತ್ತಿಹೋಗುತ್ತದೆ. ದುಃಖ ತೀರುವುದಿಲ್ಲ, ಅಳುತ್ತಲೇ ಆಡಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು. ಇಂದಿಗೂ ಒಂದು ಚಿತ್ರ ತಮಾಷೆಯಾಗಿ ಬಂದರೆ, ನೋಡು ಬಾ ಎಂದು ಸುಮಾಳನ್ನೇ ಕೂಗಿಬಿಡುತ್ತೇನೆ.